ಉಪನಿಯಮ ಹದಿನೇಳರಂತೆ ಭೋಜನ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಸಣ್ಣ ವರ್ತಕರ ಸಹಕಾರ ಸಂಘದ ಉಪನಿಯಮ ಹದಿನೇಳರ ಪ್ರಕಾರ, ಅಧ್ಯಯನ ಪ್ರವಾಸಕ್ಕೆ ಹೋದ ಸದಸ್ಯರ ಊಟವು ಸಂಪೂರ್ಣ ಸಸ್ಯಾಹಾರಿಯಾಗಿರತಕ್ಕದ್ದು. ಅದರ ದರವು ಸಂಘದ ಕಾರ್ಯವ್ಯಾಪ್ತಿಯಲ್ಲಿ ಚಾಲ್ತಿಯಲ್ಲಿರುವ ಅತಿ ಕಡಿಮೆ ದರವನ್ನು ಮೀರತಕ್ಕದ್ದಲ್ಲ. ಮೀರಿದ ಮೊತ್ತವನ್ನು ಪ್ರವಾಸದ ಸಂಚಾಲಕರಿಂದ ವಸೂಲು ಮಾಡತಕ್ಕದ್ದು.

ಸಂಘದಲ್ಲಿ ಸಸ್ಯಾಹಾರಿಗಳು ಬಹಳ ಮಂದಿ ಇದ್ದಾರೆಂದು ಇದರ ಅರ್ಥವಲ್ಲ. ಈ ಸಲದ ಹನ್ನೊಂದು ಪ್ರವಾಸಿಗಳಲ್ಲಿ ಎಂಟು ಜನ ಮೀನಿಲ್ಲದ ಊಟವನ್ನು ಊಟವೆಂದು ಒಪ್ಪುವವರೇ ಅಲ್ಲ. ಆದರೆ ಒಬ್ಬರಿಗೆ ಸೋಮವಾರ ಆಗುವುದಿಲ್ಲ, ಇನ್ನೊಬ್ಬರಿಗೆ ಶನಿವಾರ, ಮತ್ತೊಬ್ಬರಿಗೆ ಮನೆ ದೈವದ ಹರಕೆ. ಯಾವ ದಿನ ಯಾರ ವ್ರತ ಎಂದು ಪಟ್ಟಿ ಮಾಡಲು ನೇಮಿಸಿದ್ದ ಸಮಿತಿ ಎರಡು ವರ್ಷ ಕುಳಿತು ಸೋತ ಮೇಲೆ, ಎಲ್ಲರಿಗೂ ಎಲ್ಲ ದಿನವೂ ಸಸ್ಯಾಹಾರ ಎಂದು ಠರಾವಾಯಿತು.

ಈ ವರ್ಷದ ಪ್ರವಾಸ ಬೆಂಗಳೂರಿನ ಸಗಟು ಮಾರುಕಟ್ಟೆಗೆ. ಸಂಚಾಲಕರು ಮೂಡುಬಿದಿರೆಯ ಹಾರ್ಡ್‌ವೇರ್ ವ್ಯಾಪಾರಿ ಶೀನಪ್ಪನವರು. ಮೂವತ್ತು ವರ್ಷ ಮೊಳೆಗಳನ್ನು ತೂಗಿ ಮಾರಿ, ಒಂದು ಮೊಳೆಯನ್ನೂ ಹೆಚ್ಚಿಗೆ ಹಾಕದವರು. ಊಟಕ್ಕೆ ತೊಂಬತ್ತು ರೂಪಾಯಿ ಎಂದು ಅಂದಾಜು ಬರೆದು ಅವರು ಸಂಘದ ಲೆಕ್ಕಪರಿಶೋಧಕಿ ಶುಭಶ್ರೀಯವರ ಮುಂದಿಟ್ಟರು.

ಶುಭಶ್ರೀಯವರು ಕಡತದಿಂದ ತಲೆ ಎತ್ತಲಿಲ್ಲ. "ಧರ್ಮಸ್ಥಳ ನಮ್ಮ ಕಾರ್ಯವ್ಯಾಪ್ತಿಯಲ್ಲಿ ಉಂಟಲ್ಲ?"

"ಉಂಟು."

"ಅಲ್ಲಿ ಊಟಕ್ಕೆ ಎಷ್ಟು?"

"ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ ಮೇಡಂ. ಅದು ಪ್ರಸಾದ."

"ಹಾಗಾದರೆ ಚಾಲ್ತಿ ದರ ಸೊನ್ನೆ," ಎಂದು ಶುಭಶ್ರೀಯವರು ತೊಂಬತ್ತಕ್ಕೆ ಕೆಂಪು ಗೀಟು ಎಳೆದರು. "ಹೆಚ್ಚಾದದ್ದು ನಿಮ್ಮಿಂದ ವಸೂಲು."

ಹನ್ನೊಂದು ಜನ, ಮೂರು ದಿನ, ನಗರದ ದರ. ಶೀನಪ್ಪನವರು ಮನಸ್ಸಿನಲ್ಲೇ ಗುಣಿಸಿ ನೋಡಿದರು. ಎರಡು ತಿಂಗಳು ಮಾರಿದ ಮೊಳೆಯ ಲಾಭ ಹನ್ನೊಂದು ಹೊಟ್ಟೆಗಳಿಗೆ ಇಳಿಯುವುದಿತ್ತು. ಸಂಚಾಲಕತ್ವ ಬಿಡುತ್ತೇನೆ ಎಂದರೆ ಬಿಡುಗಡೆಗೆ ಸಾಮಾನ್ಯ ಸಭೆಯ ಒಪ್ಪಿಗೆ ಬೇಕು. ಸಾಮಾನ್ಯ ಸಭೆ ಪ್ರವಾಸದ ನಂತರ.

ಭಾನುವಾರ ಬೆಳಿಗ್ಗೆ ವ್ಯಾನು ಹೊರಟಿತು. ಕಕ್ಕಿಂಜೆಯ ದಿನಸಿ ವ್ಯಾಪಾರಿ ಜಯಪ್ರಕಾಶ್ ತಂದಿದ್ದ ಚಕ್ಕುಲಿ ಡಬ್ಬ ಚಾರ್ಮಾಡಿ ಘಾಟಿ ಹತ್ತಿ ಮುಗಿಯುವ ಮೊದಲೇ ಬರಿದಾಯಿತು. ರಾತ್ರಿಗೆ ಬಾಳೆಹಣ್ಣು.

ಸೋಮವಾರ ಬೆಳಿಗ್ಗೆ ನಿಯೋಗವು ಲಾಡ್ಜಿನಿಂದ ಹೊರಟು ಹೋಟೆಲುಗಳ ಸಮೀಕ್ಷೆ ನಡೆಸಿತು. ಮೊದಲನೆಯದರಲ್ಲಿ ಊಟ ನೂರ ಎಂಬತ್ತು. ಎರಡನೆಯದು ಶುದ್ಧ ಸಸ್ಯಾಹಾರಿ, ಆದ್ದರಿಂದ ಇನ್ನೂರ ಇಪ್ಪತ್ತು. ಮೂರನೆಯದರಲ್ಲಿ ಅನ್ನವನ್ನು ಬಟ್ಟಲಿನಲ್ಲಿ ಅಚ್ಚು ಹಾಕಿ ಕೊಡುತ್ತಿದ್ದರು. ದರ ಕೇಳುವ ಅಗತ್ಯವೇ ಬೀಳಲಿಲ್ಲ. ಶೀನಪ್ಪನವರು ಪ್ರತಿ ಗಲ್ಲಾದಲ್ಲೂ ಸೊನ್ನೆ ರೂಪಾಯಿಗೆ ಏನು ಸಿಗುತ್ತದೆಂದು ವಿಚಾರಿಸಿದರು. ನೀರು ಸಿಗುತ್ತದೆ, ಅದನ್ನೂ ನಿಂತು ಕುಡಿಯಬೇಕು ಎಂದು ಉತ್ತರ ಬಂತು. ಅದನ್ನು ಅವರು ವರದಿಯಲ್ಲಿ ನಮೂದಿಸಿಕೊಂಡರು.

ಹನ್ನೆರಡೂವರೆಗೆ ಜಯಪ್ರಕಾಶ್ ರಸ್ತೆಯ ನಡುವೆ ನಿಂತುಬಿಟ್ಟರು.

"ಶೀನಪ್ಪಣ್ಣ, ಸಾರಿನ ಪರಿಮಳ."

"ದರ ಎಷ್ಟಂತೆ?"

"ಬೋರ್ಡ್ ಇಲ್ಲ ಮಾರಾಯ್ರೆ. ಹೂವಿನ ಕಮಾನು ಉಂಟು, ವಾಲಗ ಉಂಟು."

ಅದೊಂದು ಕಲ್ಯಾಣ ಮಂಟಪ. ಬಾಗಿಲಲ್ಲಿ ಇಬ್ಬರು ಹುಡುಗಿಯರು ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುತ್ತಿದ್ದರು, ಟಿಕೇಟು ಕೇಳುತ್ತಿರಲಿಲ್ಲ. ಶೀನಪ್ಪನವರು ನಿಯಮ ಮೀರುವವರಲ್ಲ. ಕಮಾನಿನ ಕೆಳಗೆ ನಿಂತೇ ಶುಭಶ್ರೀಯವರಿಗೆ ಫೋನ್ ಮಾಡಿದರು. ಆ ಕಡೆಯಿಂದ ಹಾಳೆ ತಿರುವುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

"ಆಮಂತ್ರಣ ಬೇಕೆಂದು ಉಪನಿಯಮದಲ್ಲಿ ಇಲ್ಲ," ಎಂದರು ಶುಭಶ್ರೀ. "ರಶೀದಿ ಬೇಕೆಂದು ಉಂಟು."

ನಿಯೋಗವು ಒಳಗೆ ಹೋಗಿ ಒಂದೇ ಪಂಕ್ತಿಯಲ್ಲಿ ಕುಳಿತಿತು. ಕೋಸಂಬರಿ, ಎರಡು ಪಲ್ಯ, ಸಾರು, ಹುಳಿ, ಹೋಳಿಗೆ. ಕುಚ್ಚಲಕ್ಕಿ ಅನ್ನ ಇಲ್ಲವೆಂಬ ಒಂದೇ ಆಕ್ಷೇಪವನ್ನು ಬಂಟ್ವಾಳದ ಸದಸ್ಯರು ದಾಖಲಿಸಿದರು. ಮೂರನೆಯ ಹೋಳಿಗೆಯ ನಂತರ ಹಿಂತೆಗೆದುಕೊಂಡರು. ಪಕ್ಕದ ಎಲೆಯ ಹಿರಿಯರು ನೀವು ಯಾರ ಕಡೆಯವರು ಎಂದು ಕೇಳಿದಾಗ ಜಯಪ್ರಕಾಶ್ ಸತ್ಯವನ್ನೇ ಹೇಳಿದರು: ಬೆಳ್ತಂಗಡಿ ಕಡೆಯವರು. ಹಿರಿಯರಿಗೆ ಅಷ್ಟು ಸಾಕಾಯಿತು. ಕೈ ತೊಳೆದು ಹೊರಡುವಾಗ ಪ್ರತಿಯೊಬ್ಬರ ಕೈಗೂ ಒಂದೊಂದು ತಾಂಬೂಲದ ಚೀಲ ಬಂತು. ಒಳಗೆ ಒಂದು ತೆಂಗಿನಕಾಯಿ.

ಉಳಿದದ್ದು ರಶೀದಿ. ಶೀನಪ್ಪನವರು ವಧುವಿನ ತಂದೆಯನ್ನು ಹುಡುಕಿದರು. ಅವರು ಕೃಷ್ಣಕುಮಾರ ಎಂಬವರು. ಮೂವತ್ತನಾಲ್ಕು ವರ್ಷ ಸರಕಾರದ ಒಂದು ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಳಿಯನ ಕಡೆಯವರಿಗೆ ಕೈಮುಗಿಯುತ್ತಿದ್ದರು.

"ಸ್ವಾಮಿ, ಹನ್ನೊಂದು ಊಟಕ್ಕೆ ಸೊನ್ನೆ ರೂಪಾಯಿಯ ರಶೀದಿ ಬೇಕಿತ್ತು."

ಬೇರೆ ಯಾರಾದರೂ ಆಗಿದ್ದರೆ ನೀವು ಯಾರು ಎಂದು ಕೇಳುತ್ತಿದ್ದರು. ರಶೀದಿ ಕೇಳುವವನನ್ನು ನೀನು ಯಾರು ಎಂದು ಕೃಷ್ಣಕುಮಾರರು ಸೇವಾವಧಿಯಲ್ಲಿ ಒಮ್ಮೆಯೂ ಕೇಳಿದವರಲ್ಲ.

"ಎಷ್ಟು ಪ್ರತಿ?"

"ಮೂರು."

"ನಿಮ್ಮಲ್ಲಿ ಮೂರಕ್ಕೇ ಮುಗಿಯುತ್ತಾ? ನಮ್ಮಲ್ಲಿ ಐದಿತ್ತು," ಎಂದು ಅವರು ಸ್ವಲ್ಪ ಅಸೂಯೆಯಿಂದಲೇ ಹೇಳಿ, ಪುರೋಹಿತರ ಪೆನ್ನು ಇಸಿದುಕೊಂಡು ರುಜು ಹಾಕಿದರು. ತಾಂಬೂಲವನ್ನು ಪ್ರತ್ಯೇಕ ಕಾಲಂನಲ್ಲಿ ತೋರಿಸಿದರು. ಸಂಜೆಯ ಆರತಕ್ಷತೆಗೂ, ನಾಳೆ ನಮ್ಮ ಷಡ್ಡಕರ ಮನೆಯ ಗೃಹಪ್ರವೇಶಕ್ಕೂ ನಿಯೋಗ ಬರಬಹುದು, ರಶೀದಿ ಮೊದಲೇ ಬರೆಸಿಡುತ್ತೇನೆ ಎಂದರು. ಹೀಗೆ ಸಗಟು ಮಾರುಕಟ್ಟೆಯ ಅಧ್ಯಯನಕ್ಕೆ ಸಮಯ ಸಾಲಲಿಲ್ಲ.

ಸಾಮಾನ್ಯ ಸಭೆಯಲ್ಲಿ ಶುಭಶ್ರೀಯವರು ವರದಿ ಓದಿದರು. ಊಟದ ದರ ಸೊನ್ನೆಯನ್ನು ಮೀರಿಲ್ಲ. ತಾಂಬೂಲವನ್ನು ಕಳೆದರೆ ಸೊನ್ನೆಗಿಂತಲೂ ಒಂದು ತೆಂಗಿನಕಾಯಿಯಷ್ಟು ಕೆಳಗಿದೆ. ಆದ್ದರಿಂದ ಇನ್ನು ಮುಂದೆ ಚಾಲ್ತಿ ದರವು ಒಂದು ಕಾಯಿ ಕಡಿಮೆ ಸೊನ್ನೆ. ಊಟ ಮಾಡಿಸಿ ಕಾಯಿ ಕೊಡದಿದ್ದಲ್ಲಿ ಆ ಕಾಯಿಯನ್ನು ಸಂಚಾಲಕರಿಂದ ವಸೂಲು ಮಾಡತಕ್ಕದ್ದು. ಸಭೆ ಚಪ್ಪಾಳೆ ತಟ್ಟಿ, ಅನುಭವಸ್ಥರೆಂದು ಶೀನಪ್ಪನವರನ್ನೇ ಮುಂದಿನ ವರ್ಷಕ್ಕೂ ಸಂಚಾಲಕರನ್ನಾಗಿ ಆರಿಸಿತು.

ಸರಕನ್ನು ಒಬ್ಬನಿಂದಲೇ ಕೊಂಡು ಕೆಟ್ಟವರನ್ನು ಶೀನಪ್ಪನವರು ಬೇಕಾದಷ್ಟು ಕಂಡಿದ್ದರು. ಕೃಷ್ಣಕುಮಾರರ ಎರಡನೆಯ ಮಗಳ ಲಗ್ನಪತ್ರಿಕೆ ಸಂಘದ ವಿಳಾಸಕ್ಕೆ ಬಂದಾಗ ಅದನ್ನು ಪಕ್ಕಕ್ಕಿಟ್ಟು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು: "ಬೆಂಗಳೂರು ನಗರದಲ್ಲಿ ಬರುವ ವೈಶಾಖದಲ್ಲಿ ಸಸ್ಯಾಹಾರಿ ಮದುವೆ ನಡೆಸಲಿರುವ ಅರ್ಹ ಕುಟುಂಬಗಳಿಂದ ಮೊಹರು ಮಾಡಿದ ಲಕೋಟೆಯಲ್ಲಿ ದರಪಟ್ಟಿ ಆಹ್ವಾನಿಸಲಾಗಿದೆ. ಠೇವಣಿ: ಸುಲಿದ ತೆಂಗಿನಕಾಯಿ ಒಂದು."

ನಾಲ್ಕು ಲಕೋಟೆಗಳು ಬಂದವು. ನಿರ್ದೇಶಕರ ಸಮ್ಮುಖದಲ್ಲಿ, ಅರಿಸಿನ ಕುಂಕುಮ ಉದುರದಂತೆ, ಒಂದೊಂದಾಗಿ ತೆರೆಯಲಾಯಿತು. ಕೃಷ್ಣಕುಮಾರರದು ಕಾಯಿ ಮಾತ್ರ. ರಾಜಾಜಿನಗರದ ಒಂದು ಕುಟುಂಬ ಕಾಯಿಯ ಜೊತೆ ಸ್ಟೀಲ್ ಡಬ್ಬಿ ಕೊಡಲು ಒಪ್ಪಿತ್ತು. ಮದುವೆ ಅವರದೇ ಎಂದು ತೀರ್ಮಾನವಾಯಿತು.

ತಮ್ಮ ದ್ವಿತೀಯ ಪುತ್ರಿಯ ವಿವಾಹವು ಸ್ಪರ್ಧಾತ್ಮಕವಾಗಿಲ್ಲದ ಕಾರಣ ಅಂಗೀಕರಿಸಲಾಗಿಲ್ಲವೆಂದು ಕೃಷ್ಣಕುಮಾರರಿಗೆ ವಿಷಾದಪತ್ರ ಹೋಯಿತು. ಮರುಟಪಾಲಿನಲ್ಲೇ ಉತ್ತರ ಬಂತು. ಆಯ್ಕೆಯ ಕ್ರಮದಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ, ವಧೂವರರಿಗೂ ವಿಷಯ ಮನವರಿಕೆ ಮಾಡಿದ್ದೇನೆ, ಠೇವಣಿಯನ್ನು ಮರಳಿಸಬೇಕಾಗಿ ವಿನಂತಿ ಎಂದಿತ್ತು. ಶೀನಪ್ಪನವರು ಆ ಕಾಯಿಯನ್ನೇ ಬಸ್ಸಿನ ಪಾರ್ಸೆಲಿಗೆ ಹಾಕಿಸಿದರು. ಸಾಗಣೆ ಬಾಡಿಗೆ ಪಾರ್ಸೆಲ್ ಪಡೆಯುವವರದು.