ಸಪ್ನಾಳ ವೀಕ್‌ನೆಸ್

ಹೆಂಡತಿ ಕೇಳುವ ಪ್ರಶ್ನೆಗಳಲ್ಲಿ ಎರಡು ಜಾತಿ. ಉತ್ತರ ಹೇಳಲೇಬೇಕಾದವು ಒಂದು, ಸತ್ತರೂ ಹೇಳಬಾರದವು ಇನ್ನೊಂದು. ಮದುವೆಯಾಗಿ ಇಷ್ಟು ವರ್ಷವಾದರೂ ನಾರಾಯಣಪುರದ ಕಲ್ಲಿನಾಥನಿಗೆ ಇವೆರಡನ್ನು ಬೇರೆ ಮಾಡುವ ವಿದ್ಯೆ ಕೈಹತ್ತಿರಲಿಲ್ಲ. ತೊಗರಿಯಲ್ಲಿ ಕಲ್ಲು ಆರಿಸಲು ಬರುತ್ತಿತ್ತು, ಇದು ಬರುತ್ತಿರಲಿಲ್ಲ.

ಆ ದಿನ ಅವನು ಕಟ್ಟೆಯ ಮೇಲೆ ಕೂತು ಚಹಾವನ್ನು ಬಶಿಗೆ ಸುರುವಿಕೊಳ್ಳುತ್ತಿದ್ದ. ಹೆಂಡತಿ ಸಪ್ನಾ ಬಸವಕಲ್ಯಾಣದಲ್ಲಿ ಮಹಿಳಾ ಸಂಘದ ತರಬೇತಿಯ ಮೊದಲ ದಿನ ಮುಗಿಸಿಕೊಂಡು ಬಂದಳು. ಚಪ್ಪಲಿ ಕೂಡ ಬಿಡಲಿಲ್ಲ.

"ರೀ, ನನ್ನ ವೀಕ್‌ನೆಸ್ ಏನದ ಹೇಳ್ರಿ."

"ಯಾಕ, ತಲಿ ತಿರಗಾಕತ್ತೇದೇನು?"

"ಆ ವೀಕ್‌ನೆಸ್ ಅಲ್ರಿ. ವೀಕ್‌ನೆಸ್ ಅಂದ್ರ ಗುಣದಾಗಿನ ಕೊರತಿ ಅಂತ ಮೇಡಂ ಹೇಳ್ಯಾರ. ಅದು ನಮಗ ಕಾಣಂಗಿಲ್ಲಂತ, ಮನಿಯವರಿಗೆ ಕಾಣ್ತದಂತ. ಗಂಡಗ ಕೇಳ್ಕೊಂಡು ನಾಳಿಗೆ ಬರ್ರಿ ಅಂದಾರ."

ಕಲ್ಲಿನಾಥ ಬಶಿ ಕೆಳಗಿಟ್ಟ. ಅವನೊಳಗೆ ಎಷ್ಟೋ ವರ್ಷದ ಫಸಲು ಕೊಯ್ಲಿಲ್ಲದೆ ತೂಗುತ್ತಿತ್ತು. ಆದರೂ ಹುಷಾರಾಗಿ, "ನಿನಗ ಅಂಥಾದ್ದು ಏನೂ ಇಲ್ಲ ಬಿಡು" ಅಂದ.

"ಹಂಗಂದ್ರ ನಡೆಯಂಗಿಲ್ಲ. ಖರೇ ಹೇಳ್ರಿ. ನಾ ಸಿಟ್ಟಾಗಂಗಿಲ್ಲ."

(ಈ 'ಸಿಟ್ಟಾಗಂಗಿಲ್ಲ' ಎಂಬ ಮಾತನ್ನು ನಂಬಿ ಹಾಳಾದ ಗಂಡಂದಿರ ಗಣತಿಯನ್ನು ಇದುವರೆಗೆ ಯಾವ ಸರಕಾರವೂ ಮಾಡಿಸಿಲ್ಲ.)

"ಈಗ ನೋಡು," ಎಂದು ಕಲ್ಲಿನಾಥ ಗಂಟಲು ಸರಿಮಾಡಿಕೊಂಡ. "ಎದುರಿನವರು ಮಾತಾಡಾಕತ್ತಾಗ ನೀ ನಡುವ..."

"ನಡುವ ಬಾಯಿ ಹಾಕ್ತೀನಿ ಅಂತೀರೇನು? ನೀವು ಒಂದು ಮಾತು ಮುಗಸೂದ್ರಾಗ ತವಾದ ಮ್ಯಾಲಿನ ರೊಟ್ಟಿ ಸೀದು ಹೋಗ್ತದ. ಅದಕ್ಕ ನಾನೇ ಮುಗಸ್ತೀನಿ. ಅದು ಕೊರತಿ ಅಲ್ಲ, ಸೇವಾ. ಮುಂದಿಂದು ಹೇಳ್ರಿ."

"ಮುಂದ, ಆ ಸಿಟ್ಟು..."

"ಯಾರಿಗೆ? ನನಗ? ನಾ ಈಗ ಸಿಟ್ಟಿಗೆದ್ದೀನೇನು?"

"ಒಂದಾ ಎರಡಾ, ಎಷ್ಟಂತ ಹೇಳ್ಲಿ," ಕಲ್ಲಿನಾಥನ ದನಿ ತಾನಾಗಿಯೇ ಏರಿತು, "ನಿನಗ ವೀಕ್‌ನೆಸ್ ಭಾಳ ಅದ."

ಈ ಕೊನೆಯ ಮಾತು ಮಾತ್ರ ಒಳಗಿದ್ದ ಅವನ ತಾಯಿ ಅಂಬುಬಾಯಿಯ ಕಿವಿಗೆ ಬಿತ್ತು. ಆಕೆಗೆ ಗೊತ್ತಿದ್ದ ಇಂಗ್ಲಿಷ್ ಶಬ್ದಗಳು ಬೆರಳೆಣಿಕೆಯವು, ಅವುಗಳಲ್ಲಿ ವೀಕ್‌ನೆಸ್ ಎಂಬುದು ಪಟ್ಟದ ಶಬ್ದ. ಮೊಣಕಾಲು ನೋವು, ನಿದ್ದೆ ಬಾರದ್ದು, ಹೊಲಕ್ಕೆ ಹೋಗಲು ಮನಸ್ಸಿಲ್ಲದ್ದು, ಎಲ್ಲಕ್ಕೂ ಅದೇ ಹೆಸರು, ಎಲ್ಲಕ್ಕೂ ಸಲೈನೇ ಮದ್ದು. ಸೊಸೆಯ ಮೇಲೆ ಆಕೆಗೆ ಜೀವ. ಗಾಬರಿಯಿಂದ ಮೊಬೈಲು ಹಿಡಿದು ಹುಮನಾಬಾದಿನ ಬೀಗರಿಗೆ ಹಚ್ಚಿದಳು.

"ನಿಮ್ಮ ಮಗಳಿಗೆ ಭಾಳ ವೀಕ್‌ನೆಸ್ ಆಗ್ಯದ್ರಿ. ನಮ್ಮ ಮಗಾ ಈಗ ತಾನೇ ನೋಡಿ ಹೇಳ್ದ."

ಮರುದಿನ ಬೆಳಿಗ್ಗೆ ಮನೆಯ ಮುಂದೆ ಜೀಪು ನಿಂತಿತು. ಸಪ್ನಾಳ ತಂದೆ, ಶ್ರೀಮಂತ ಎಂಬ ಹೆಸರಿನವರು, ಇಳಿದರು. ಪ್ರಾಯದಲ್ಲಿ ಗರಡಿಯಲ್ಲಿ ತಾಲೀಮು ಮಾಡಿದ ದೇಹ, ಅದಕ್ಕೆ ತಕ್ಕ ಮೀಸೆ. ಒಂದು ಕೈಯಲ್ಲಿ ಎಳನೀರಿನ ಗೊಂಚಲು, ಇನ್ನೊಂದರಲ್ಲಿ ದಾಳಿಂಬೆಯ ಚೀಲ. ಹಿಂದಿನ ಸೀಟಿನಲ್ಲಿ ಮಗಳು ಮಲಗಲೆಂದು ಕೌದಿ, ತಲೆದಿಂಬು.

ಅದೇ ಹೊತ್ತಿಗೆ ಸಪ್ನಾ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟು, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದು ನಲ್ಲಿಯಿಂದ ಬರುತ್ತಿದ್ದಳು.

"ಇಂಥಾದ್ರಾಗೂ ದುಡಸಾಕತ್ತೀರಿ," ಶ್ರೀಮಂತರ ಮೀಸೆ ನಡುಗಿತು. "ಅಳಿಯಂದ್ರ, ನನ್ನ ಮಗಳಿಗೆ ಹೊಟ್ಟಿಗೆ ಏನ್ ಹಾಕಾಕತ್ತೀರಿ? ಈಗಿಂದೀಗ ಕರ್ಕೊಂಡು ಹೋಗ್ತೀನಿ. ತಿರುಗಿ ಕಳಸೂದು ಬಿಡೂದು ಆಮ್ಯಾಲ."

ಸಪ್ನಾ ಇಲ್ಲದ ಮನೆಯಲ್ಲಿ ತನ್ನ ಅಂಗಿ ಎಲ್ಲಿದೆ ಎಂಬುದೂ ಕಲ್ಲಿನಾಥನಿಗೆ ತಿಳಿಯದು.

"ಮಾಮಾ, ಇದು ಮೈಯಾಗಿನ ವೀಕ್‌ನೆಸ್ ಅಲ್ರಿ."

"ಮತ್ಯಾತರದು?"

'ಗುಣದ್ದು' ಎಂಬ ಶಬ್ದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಮಾವನ ಬೆನ್ನ ಹಿಂದೆ ಸಪ್ನಾ ಕೊಡ ಇಳಿಸಿ, ಕೈಕಟ್ಟಿ ನಿಂತು, ಹುಬ್ಬು ಏರಿಸಿದಳು. ಶಬ್ದ ಮರಳಿ ಹೊಟ್ಟೆಗೆ ಇಳಿಯಿತು. ಮಗಳನ್ನು ಉಪವಾಸ ಕೆಡವಿದ ಪಾಪಿಯಾಗಬೇಕು, ಇಲ್ಲವೇ ಅಪ್ಪನೆದುರು ಮಗಳ ಅವಗುಣ ಎತ್ತಿ ಆಡಿದ ಮೂರ್ಖನಾಗಬೇಕು. ಆ ಧರ್ಮಸಂಕಟದಲ್ಲಿ ಅವನಿಗೆ ಬಸ್‌ಸ್ಟ್ಯಾಂಡಿನ ಸಂಗಪ್ಪ ನೆನಪಾದ. 'ಮಿರ್ಚಿ ಭಜಿ ಅಂದ್ರ ನನ್ನ ವೀಕ್‌ನೆಸ್' ಎನ್ನುತ್ತ ಅವನು ಪ್ಲೇಟಿನ ಮೇಲೆ ಪ್ಲೇಟು ಖಾಲಿ ಮಾಡುತ್ತಿದ್ದ. ಶಬ್ದಕ್ಕೆ ಮೂರನೆಯ ಅರ್ಥವೂ ಇದೆಯಲ್ಲ.

"ವೀಕ್‌ನೆಸ್ ಅಂದ್ರ ಪ್ರೀತಿರಿ ಮಾಮಾ. ಬಿಟ್ಟಿರಾಕ ಆಗಂಗಿಲ್ಲಲ್ಲ, ಅದು. ಸಪ್ನಾ ನನ್ನ ವೀಕ್‌ನೆಸ್ ಅದಾಳ್ರಿ."

ಅಂಬುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಪ್ನಾಳ ಹುಬ್ಬು ಕೆಳಗಿಳಿದು, ಮುಖ ಕೆಂಪಗಾಯಿತು. ಗೆದ್ದೆ ಎಂದುಕೊಂಡ ಕಲ್ಲಿನಾಥ.

ಶ್ರೀಮಂತರು ಎಳನೀರು, ದಾಳಿಂಬೆ ಎರಡನ್ನೂ ಕೆಳಗಿಟ್ಟರು. "ಅಂದ್ರ, ವೀಕ್‌ನೆಸ್ ನಿಮಗಾಗ್ಯದ."

"ಹೌದ್ರಿ."

"ನನ್ನ ಮಗಳಿಂದ ಆಗ್ಯದ."

"ಹೌದ್ರಿ. ಅಲ್ಲ, ಹಂಗಲ್ರಿ..."

"ನಾಚಿಕಿ ಬ್ಯಾಡ. ಗಂಡಸರಿಗೂ ಕಮಜೋರಿ ಬರ್ತದ," ಎಂದು ಶ್ರೀಮಂತರು ಅಳಿಯನ ತೋಳನ್ನು ಹಿಚುಕಿ ನೋಡಿದರು. ಕಲ್ಲಿನಾಥ ಚೀರಿದ. ಬೇರೆ ಸಾಕ್ಷಿ ಬೇಕಿರಲಿಲ್ಲ. "ಮಗಳ ಬದಲಿ ನಿಮ್ಮನ್ನೇ ಒಯ್ತೀನಿ."

"ಹೌದ್ ನೋಡ್ರಿ," ಅಂಬುಬಾಯಿ ಕ್ಷಣದಲ್ಲಿ ರೋಗಿಯನ್ನು ಬದಲಿಸಿಕೊಂಡಳು. "ನಾಕು ರೊಟ್ಟಿ ಮ್ಯಾಲ ತಿನ್ನವಲ್ಲ."

ಕಲ್ಲಿನಾಥ ಹೆಂಡತಿಯ ಕಡೆ ತಿರುಗಿದ. "ನೀನರೆ ಹೇಳು ಸಪ್ನಾ. ವೀಕ್‌ನೆಸ್ ಅಂದ್ರ ಮೇಡಂ ಏನ್ ಹೇಳ್ಯಾರ?"

"ನಿನ್ನೆ ಅರ್ಧಾನೇ ಹೇಳ್ಯಾರ್ರಿ," ಸಪ್ನಾ ಅವನ ಲುಂಗಿ, ಟವೆಲ್ಲು ಮಡಚಿ ಚೀಲಕ್ಕೆ ತುರುಕಿದಳು. "ಉಳಿದದ್ದು ಇವತ್ತು ಕೇಳಿ ಫೋನ್ ಮಾಡ್ತೀನಿ."

ಹೀಗೆ ಮಗಳಿಗೆಂದು ಹಾಸಿದ ಕೌದಿಯ ಮೇಲೆ ಅಳಿಯ ಮಲಗಿದ. ಮುಂದಿನ ಸೀಟಿನಲ್ಲಿ ತರಬೇತಿಗೆ ಹೊರಟ ಸಪ್ನಾ ಕೂತು ದಾಳಿಂಬೆ ಬಿಡಿಸಿ ತಿನ್ನುತ್ತಿದ್ದಳು. ದಾರಿಯುದ್ದಕ್ಕೂ ಶ್ರೀಮಂತರು ಚಿಕಿತ್ಸೆಯ ಕ್ರಮ ವಿವರಿಸಿದರು: ಕೋಳಿ ಕೂಗಿದ ಕೂಡಲೇ ಎದ್ದು ದಂಡ, ಬಸ್ಕಿ, ಆಮೇಲೆ ಉಪ್ಪಿಲ್ಲದ ಜೋಳದ ಅಂಬಲಿ, ಚಹಾ ಬಿಲ್ಕುಲ್ ಬಂದ್.

ಬಸವಕಲ್ಯಾಣದಲ್ಲಿ ತರಬೇತಿಯ ಹಾಲಿನ ಮುಂದೆ ಜೀಪು ನಿಂತಿತು. ಸಂಘದ ಹೆಂಗಸರೆಲ್ಲ ಕಿಟಕಿಗೆ ಮುತ್ತಿ, ಕೌದಿಯ ಮೇಲೆ ಮಲಗಿದ್ದ ಕಲ್ಲಿನಾಥನನ್ನು ನೋಡಿದರು.

"ಯವ್ವಾ, ನಿಮ್ಮ ಮನಿಯವರಿಗೆ ಏನಾಗ್ಯದ?"

ಸಪ್ನಾ ಇಳಿದು ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ನನ್ನ ಮ್ಯಾಲ ಪ್ರೀತಿ ಆಗ್ಯದ," ಅಂದಳು. "ಅಪ್ಪ ಒಯ್ದು ಆರಾಮ ಮಾಡಿ ಕಳಸ್ತಾನ."