ಭಾವ, ತುಕ್ಕು ಮತ್ತು ಎಡಗಡೆಯ ಸೀಟು

ನನ್ನ ಭಾವನಿಗೆ ಹಾವಿನ ಹೆದರಿಕೆ ಇಲ್ಲ, ಭೂತದ ಹೆದರಿಕೆ ಇಲ್ಲ. ಮೂವತ್ತು ವರ್ಷ ವಿದ್ಯಾನಗರದ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರೂ ಮೇಲಧಿಕಾರಿಗಳ ಹೆದರಿಕೆಯೂ ಇರಲಿಲ್ಲ. ಈ ಲೋಕದಲ್ಲಿ ಅವರು ಹೆದರುವುದು ತುಕ್ಕಿಗೆ ಮಾತ್ರ! ಇನ್ನು ನಾನೋ, ಮೇಲೆ ಹೇಳಿದ ಎಲ್ಲದಕ್ಕೂ ಹೆದರುವವನು. ಸಾಲದ್ದಕ್ಕೆ ಭಾವನಿಗೂ ಹೆದರುತ್ತೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅವರ ಕೈಯಲ್ಲಿ ಸದಾ ಒಂದು ಬಟ್ಟೆಯ ಚೀಲ. ಅದರೊಳಗೆ ಮೂರು ಆಯುಧಗಳು. ಕೆಟ್ಟ ರೇಡಿಯೋದಿಂದ ಕಿತ್ತ ಒಂದು ಆಯಸ್ಕಾಂತ, ಮರದ ಹಿಡಿಯ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್. ಆಯಸ್ಕಾಂತಕ್ಕೆ ತಮ್ಮದೇ ಹಳೆಯ ಬನಿಯನ್ನಿನ ತುಂಡೊಂದನ್ನು ಸುತ್ತಿದ್ದಾರೆ, ಬಣ್ಣಕ್ಕೆ ಗೀರು ಬೀಳಬಾರದಲ್ಲ! ಹಳೆಯ ಕಾರಿನ ಮೈಮೇಲೆ ಅದನ್ನು ಮೆಲ್ಲಗೆ ಓಡಿಸುತ್ತಾರೆ. ಅಂಟಿಕೊಂಡರೆ ಕಬ್ಬಿಣ, ಜಾರಿದರೆ ಬಣ್ಣದ ಅಡಿಯಲ್ಲಿ ತೂತು ಮುಚ್ಚಲು ಮೆತ್ತಿದ ಪುಟ್ಟಿ. ಪುಟ್ಟಿ ಇದ್ದಲ್ಲಿ ತುಕ್ಕು ಇದ್ದೇ ಇರುತ್ತದೆ ಎಂಬುದು ಅವರ ಸಿದ್ಧಾಂತ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯುವುದು. 'ಟಣ್' ಎಂದರೆ ಪಾಸು, 'ದಬ್' ಎಂದರೆ ನಪಾಸು. ಉದುರಿದ ತುಕ್ಕಿನ ಚಕ್ಕೆಯನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. "ಸಾಕ್ಷಿ ಬೇಕು ಮಾರಾಯ, ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ಎನ್ನುತ್ತಾರೆ. ಆ ಕೆಂಪು ಕಲೆಗಳನ್ನು ತಿಕ್ಕಿ ತಿಕ್ಕಿ ಅಕ್ಕನ ಕೈ ಸೋತಿದೆ.

ನಮ್ಮ ದೊಡ್ಡಪ್ಪನ ಮೊಮ್ಮಗಳಿಗೆ ಗಂಡು ನೋಡಲು ಮಂಜೇಶ್ವರಕ್ಕೆ ಹೋದಾಗ ಏನಾಯಿತು ಗೊತ್ತೇ? ಅವಲಕ್ಕಿ, ಬಾಳೆಹಣ್ಣು ಬಂತು, ಹುಡುಗ ಬಂದು ಕುಳಿತ, ಮಾತು ಶುರುವಾಯಿತು. ನೋಡಿದರೆ ಭಾವನೇ ಇಲ್ಲ! ಹುಡುಕುತ್ತ ಹೊರಗೆ ಬಂದರೆ ಹುಡುಗನ ಕಾರಿನ ಅಡಿಯಿಂದ ಎರಡು ಕಾಲುಗಳು ಕಾಣುತ್ತಿವೆ. ಬೀಗರಾಗಬೇಕಾದವರು ಮೆಟ್ಟಿಲಲ್ಲಿ ಸಾಲಾಗಿ ನಿಂತು ನೋಡುತ್ತಿದ್ದಾರೆ. ಭಾವ ಹೊರಗೆ ಬಂದು, ಬೆನ್ನಿನ ಮಣ್ಣು ಕೊಡವಿಕೊಂಡು, "ಹುಡುಗ ಅಡ್ಡಿಯಿಲ್ಲ. ಡಿಕ್ಕಿಯ ಅಡಿ ಮಾತ್ರ ಸರಿ ಇಲ್ಲ" ಎಂದರು. ಪುಣ್ಯಕ್ಕೆ ಮದುವೆ ನಡೆಯಿತು. ವರ್ಷದೊಳಗೆ ಕಾರು ಗುಜರಿಗೆ ಹೋಯಿತು, ಅಳಿಯ ಇನ್ನೂ ಗಟ್ಟಿಮುಟ್ಟಾಗಿದ್ದಾನೆ.

ಅಕ್ಕನ ಜೊತೆ ಹೊರಟರಂತೂ ಮುಗಿಯಿತು. ಅಕ್ಕನ ಎಡಗಾಲಿನ ಮಂಡಿ ಮಡಚುವುದಿಲ್ಲ. ಮದುವೆಯಾದ ಹೊಸತರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದದ್ದು. ಹಾಗಾಗಿ ಅವಳ ಓಡಾಟವೆಲ್ಲ ಆಟೋದಲ್ಲಿ, ಕಾಲನ್ನು ಅಡ್ಡಕ್ಕೆ ಹೇಗೋ ಹೊಂದಿಸಿಕೊಂಡು. ಅವಳು ಹತ್ತುವ ಮೊದಲು ಭಾವ ಬಗ್ಗಿ, ಅವಳ ಕಾಲು ಬರುವ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೋಡುತ್ತಾರೆ. ಒಂದು ದಿನವೂ ತಪ್ಪಿಸಿದ್ದಿಲ್ಲ. ಒಬ್ಬ ಚಾಲಕ, "ಸಾರೇ, ಇದು ಆಟೋ, ಹಾಲು ಕೊಡುವ ಎಮ್ಮೆ ಅಲ್ಲ" ಎಂದು ರೇಗಿದ್ದುಂಟು. ಇನ್ನೊಬ್ಬ ಅದನ್ನು ನಮಸ್ಕಾರ ಎಂದೇ ತಿಳಿದು, "ನಮ್ಮ ಗಾಡಿಗೆ ಕೈ ಮುಗಿದು ಹತ್ತುವವರು ಇವರೊಬ್ಬರೇ" ಎಂದು ಸ್ಟ್ಯಾಂಡಿನಲ್ಲೆಲ್ಲ ಹೊಗಳಿಕೊಂಡು ತಿರುಗಿದ.

ಇಂಥವರ ಭಾಮೈದನಾಗಿ ಹುಟ್ಟಿದ ನನಗೆ ಐವತ್ತರ ಹತ್ತಿರ ಬಂದಾಗ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಾಗಬೇಕೇ?

ಕುಂಬಳೆಯ ಶಾಲೆಯಲ್ಲಿ ಗಣಿತ ಕಲಿಸುವ ನಾನು ಜೀವನದಲ್ಲಿ ಲೆಕ್ಕ ತಪ್ಪಿದ್ದು ಅಲ್ಲಿಯೇ. ಕುಂಬಳೆಯ ಪಕ್ಕದ ಅನಂತಪುರದಲ್ಲಿ, ಕೈಗಾರಿಕಾ ಎಸ್ಟೇಟಿನ ಹತ್ತಿರ, ಗಲ್ಫಿನಿಂದ ಮರಳಿದ ಹಮೀದಿಚ್ಚನ ಮನೆಯ ಶೆಡ್ಡಿನಲ್ಲಿ ಅದು ನಿಂತಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಬೇಕೆಂದರೆ ಮಾಡನ್ನು, ಎಂದರೆ ಮೇಲಿನ ಛಾವಣಿಯನ್ನು, ತೆಗೆದಿಡಬಹುದು. ವಯಸ್ಸು ಇಪ್ಪತ್ತು ದಾಟಿದೆ. "ನನಗೆ ಸೊಂಟ ನೋವು ಮಾಷ್ಟ್ರೆ, ಅಷ್ಟು ತಗ್ಗಿನಿಂದ ಏಳ್ಲಿಕ್ಕೆ ಆಗುದಿಲ್ಲ. ಓಡಿಸಿ ನೋಡಿ, ಬೇಕಾದ್ರೆ ನೀವು ಕೊಂಡುಹೋಗಿ" ಎಂದು ಹಮೀದಿಚ್ಚ ಬೀಗದ ಕೈಯನ್ನೇ ಕೊಟ್ಟುಬಿಟ್ಟ.

ಅಲ್ಲಿಗೆ ನಾನು ಒಂದು ಘನಂದಾರಿ ಕೆಲಸ ಮಾಡಿದೆ. ಭಾವನಿಗೆ ತಿಳಿಸದೆ ಅಕ್ಕನನ್ನು ಕರೆದುಕೊಂಡು ಹೋದೆ!

ಅವಳು ಆ ದಿನ ಅನಂತಪುರದ ಕೆರೆಯ ದೇವಸ್ಥಾನಕ್ಕೆ ಬಂದಿದ್ದಳು. ಭಾವ ಪೆನ್ಶನ್ನಿನ ಯಾವುದೋ ಕಾಗದಕ್ಕೆಂದು ಕಚೇರಿಗೆ ಹೋಗಿದ್ದರು. ಕೆಂಪು ಕಾರನ್ನು ಕಂಡ ಅಕ್ಕ, "ಇದೆಂತದಾ, ಮಕ್ಕಳ ಆಟದ್ದಾ?" ಎಂದಳು. ಹತ್ತಿಸಿದೆ. ಕುಳಿತವಳು ಎಡಗಾಲನ್ನು ಇಂಚಿಂಚಾಗಿ ಮುಂದಕ್ಕೆ ಚಾಚಿದಳು. ಆಮೇಲೆ ಮೆಲ್ಲಗೆ, "ಇದರಲ್ಲಿ ಕಾಲು ನೀಡಿ ಕೂರ್ಲಿಕ್ಕೆ ಆಗ್ತದೆ ಮಾರಾಯ" ಎಂದಳು. ಹೌದಲ್ಲ! ಅಷ್ಟು ತಗ್ಗಿನ ಕಾರು, ಕಾಲು ನೇರ ಮುಂದಕ್ಕೆ ಹೋಗುತ್ತದೆ. ಮಡಚದ ಮಂಡಿಗೆ ಹೇಳಿ ಮಾಡಿಸಿದ ಹಾಗೆ. ಅನಂತಪುರದಿಂದ ಕುಂಬಳೆಯವರೆಗೆ ಮಾಡು ತೆಗೆದು ಓಡಿಸಿದೆ. ಗಾಳಿಗೆ ಸೆರಗು ಹಾರಿತು, ಮುಡಿಯ ಅಬ್ಬಲಿಗೆ ಹೂವಿನ ಮಾಲೆ ಬಿಚ್ಚಿಹೋಯಿತು, ಅಕ್ಕ ದಾರಿಯುದ್ದಕ್ಕೂ ನಕ್ಕಳು. ಅವಳು ಹೂ ಕಟ್ಟುವುದು ಫೈಲಿನ ಕೆಂಪು ನೂಲಿನಲ್ಲಿ. ಭಾವನ ನಿವೃತ್ತಿಯ ದಿನ ಸಹೋದ್ಯೋಗಿಗಳು ತಮಾಷೆಗೆಂದು ಕೊಟ್ಟ ನೂಲಿನ ಉಂಡೆ, ಇನ್ನೂ ಮುಗಿದಿಲ್ಲ. ಇಳಿಯುವಾಗ, "ಭಾವನಿಗೆ ಹೇಳಿದ್ರೆ ಅವರು ನಿನ್ನನ್ನು ಸುಮ್ಮನೆ ಬಿಡುದಿಲ್ಲ" ಎಂದಳು. ಹೇಳುವಷ್ಟು ಧೈರ್ಯ ನನಗೆಲ್ಲಿತ್ತು?

ಆದರೆ ಕಾರು ಬೇಕು. ಕಾರು ಬೇಕಾದರೆ ಭಾವನ ಪರೀಕ್ಷೆ ಆಗಬೇಕು, ನಮ್ಮ ಸಂಸಾರದಲ್ಲಿ ಅದಿಲ್ಲದೆ ಸೈಕಲ್ಲನ್ನೂ ತಂದವರಿಲ್ಲ. ಮೂರು ದಿನ ಬಿಟ್ಟು ಅವರನ್ನು ಕರೆದುಕೊಂಡು ಹೋದೆ. ಕಾರು ನಪಾಸಾದರೆ ಎಂಬ ಹೆದರಿಕೆ ಒಂದು ಕಡೆ, ಅಕ್ಕನ ಸವಾರಿ ಗೊತ್ತಾದರೆ ಎಂಬ ಹೆದರಿಕೆ ಇನ್ನೊಂದು ಕಡೆ. ಹಮೀದಿಚ್ಚ ಬಾಯಿ ಬಿಟ್ಟರೆ ಎಂಬುದು ಮೂರನೆಯದು!

ಭಾವ ಕಾರಿಗೆ ಒಂದು ಸುತ್ತು ಬಂದರು. ಚೀಲದಿಂದ ಆಯಸ್ಕಾಂತ ತೆಗೆದು ಬಾನೆಟ್ಟಿನ ಮೇಲೆ ಇಟ್ಟರು. ಜಾರಿ ಬಿತ್ತು. ಬಾಗಿಲಿಗೆ ಹಿಡಿದರು, ಅಲ್ಲಿಯೂ ಜಾರಿತು. ಹಿಂದೆ, ಮುಂದೆ, ಎಲ್ಲಿಟ್ಟರೂ ಅದೇ ಕತೆ. ಭಾವನ ಮುಖ ಬಿಳಿಚಿತು.

"ಇದರಲ್ಲಿ ಕಾರೇ ಇಲ್ಲ ಮಾರಾಯ! ಪೂರ್ತಿ ಪುಟ್ಟಿ!"

ಹಮೀದಿಚ್ಚ ನಗು ತಡೆದುಕೊಂಡು, "ಪುಟ್ಟಿ ಅಲ್ಲ ಸಾರ್, ಫೈಬರ್. ಇದರ ಮೈ ಇಡೀ ಫೈಬರಿಂದು. ಅದಕ್ಕೆ ತುಕ್ಕು ಹಿಡೀಲಿಕ್ಕೇ ಇಲ್ಲ" ಎಂದ.

ಅಬ್ಬ! ನಾನು ಬದುಕಿದೆ! ತುಕ್ಕೇ ಹಿಡಿಯದ ಕಾರು! ಭಾವನಿಗೆ ಮಾಡಲು ಕೆಲಸವೇ ಇಲ್ಲ! ಚಾ ಕುಡಿದು ಹೊರಡುವುದೇ ಬಾಕಿ ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಆದರೆ ಭಾವ ಅಲ್ಲಾಡಲಿಲ್ಲ. ಸಡಿಲಾದ ಬನಿಯನ್ ತುಂಡನ್ನು ಆಯಸ್ಕಾಂತಕ್ಕೆ ಮತ್ತೆ ಸುತ್ತುತ್ತ ಕೇಳಿದರು.

"ಅಡಿ ಎಂತದ್ದು?"

"ಅಡಿ ಕಬ್ಬಿಣವೇ ಸಾರ್. ಚಾಸಿ, ನೆಲ, ಎಲ್ಲ ಕಬ್ಬಿಣ."

"ಹಾಗೆ ಹೇಳು. ಮೇಲೆ ಚಂದ ಕಾಣುವುದರ ಅಡಿಯನ್ನೇ ಮೊದಲು ನೋಡ್ಬೇಕು" ಎಂದು ಒಂದು ಗೋಣಿ ಹಾಸಿ, ಅರುವತ್ತೆರಡರ ವಯಸ್ಸಿನಲ್ಲಿ ಕಾರಿನ ಅಡಿಗೆ ನುಗ್ಗಿಯೇ ಬಿಟ್ಟರು.

ಟಣ್. ಟಣ್. ಟಣ್. ಪ್ರತಿ ಬಡಿತಕ್ಕೂ ನನ್ನ ಜೀವ ಒಮ್ಮೆ ಹೋಗಿ ಬರುತ್ತಿತ್ತು. ಪರೀಕ್ಷೆಯ ಫಲಿತಾಂಶದ ದಿನ ನನ್ನ ವಿದ್ಯಾರ್ಥಿಗಳಿಗೆ ಹೇಗಾಗುತ್ತದೆಂದು ಆಗ ಗೊತ್ತಾಯಿತು. ಚಾಸಿ ಪಾಸಾಯಿತು. ಬಲಗಡೆ ಪಾಸಾಯಿತು. ಎಡಗಡೆಗೆ ಬಂದಾಗ ಸದ್ದು ನಿಂತಿತು. ಭಾವ ಹೊರಗೆ ಬಂದು ಎಡಬಾಗಿಲು ತೆರೆದರು, ಒಳಗೆ ಬಗ್ಗಿ ಮೂಸಿದರು.

"ಮಳೆನೀರು ನಿಂತ ವಾಸನೆ ಉಂಟು."

ನೆಲಕ್ಕೆ ಹಾಸಿದ ಮ್ಯಾಟನ್ನು ಎತ್ತಿದರು. ಅದರ ಅಂಚಿನಿಂದ ಕೆಂಪಗಿನದೇನನ್ನೋ ಹೆಕ್ಕಿ, ಟಾರ್ಚ್ ಬಿಟ್ಟು ನೋಡಿ, ಜೇಬಿಗೆ ಹಾಕಿಕೊಂಡರು. ಸಾಕ್ಷಿ ಸಿಕ್ಕಿತು, ಕಾರು ಹೋಯಿತು ಎಂದುಕೊಂಡೆ. ಆಮೇಲೆ ಯಾವಾಗಲೂ ಮಾಡುವ ಹಾಗೆ, ಕಾಲು ಬರುವ ಜಾಗದಲ್ಲಿ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿದರು.

ಕರಕ್ಕೆಂದಿತು. ಭಾವನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ನಾನು ಬಗ್ಗಿ ನೋಡಿದೆ. ಕಾರಿನ ಅಡಿಯಲ್ಲಿ ಅವರ ಐದು ಬೆರಳುಗಳು ಶೆಡ್ಡಿನ ನೆಲವನ್ನು ಮುಟ್ಟುತ್ತಿದ್ದವು.

"ಅಲ್ಲಾನಾಣೆ ನಂಗೆ ಗೊತ್ತಿರ್ಲಿಲ್ಲ ಸಾರ್. ಮ್ಯಾಟ್ ಎತ್ತಿ ನೋಡಿದವನೇ ಅಲ್ಲ ನಾನು" ಎಂದು ಹಮೀದಿಚ್ಚ ಗಾಬರಿಯಿಂದ ನೀರು ತರಲು ಓಡಿದ. ಮೂರು ದಿನದ ಹಿಂದೆ ಅದೇ ಜಾಗದಲ್ಲಿ ಅಕ್ಕನ ಎಡಗಾಲು ನೀಡಿಕೊಂಡಿತ್ತು. ಕಾರು ಓಡುತ್ತಿತ್ತು, ಅಡಿಯಲ್ಲಿ ರಸ್ತೆ ಓಡುತ್ತಿತ್ತು, ನಡುವೆ ಒಂದು ರಬ್ಬರಿನ ಮ್ಯಾಟು. ಇಷ್ಟೇ! ನಾನು ಜೀವನದಲ್ಲಿ ಪಟ್ಟ ಹೆದರಿಕೆಗಳೆಲ್ಲ ಸುಳ್ಳು, ಅದೊಂದೇ ನಿಜ.

ಭಾವ ಚೀಲ ಎತ್ತಿಕೊಂಡು ಹೊರಟರು. ಹಿಂದೆಯೇ ನಾನು. ಬಸ್ ನಿಲ್ದಾಣದ ಮಾಡಿಗೆ ಒಂದು ಕಬ್ಬಿಣದ ಕಂಬ ಇದೆ, ಬುಡದಲ್ಲಿ ತುಕ್ಕು ತಿಂದಿದೆ. ಭಾವ ಅದನ್ನು ಬಡಿದೂ ನೋಡದೆ ಒರಗಿ ಕುಳಿತರು. ಆಗ ನನಗೆ ನಿಜವಾಗಿ ಭಯವಾಯಿತು.

"ನಿನ್ನ ಅಕ್ಕ ಬಚ್ಚಲಲ್ಲಿ ಬಿದ್ದದ್ದಲ್ಲ" ಎಂದರು.

ನಾನು ಅವರ ಕಡೆ ತಿರುಗಿದೆ.

"ನಾನು ಆಗ ಒಂದು ಹಳೆ ಸ್ಕೂಟರ್ ತೆಗೊಂಡಿದ್ದೆ, ನೆನಪುಂಟಾ? ಹೆಂಗಸರು ಅಡ್ಡ ಕೂತು ಕಾಲಿಡುವ ಒಂದು ಪಟ್ಟಿ ಇರ್ತದಲ್ವಾ, ಅದರ ಬುಡಕ್ಕೆ ತುಕ್ಕು ಹಿಡಿದಿತ್ತು. ನಾನು ನೋಡಿದ್ದೆ. ಮುಂದಿನ ತಿಂಗಳು ವೆಲ್ಡಿಂಗ್ ಮಾಡಿಸುವ ಅಂತ ಪುಟ್ಟಿ ಮೆತ್ತಿ ಬಣ್ಣ ಹೊಡೆದೆ. ನಾನೇ ಹೊಡೆದದ್ದು. ನಿಮ್ಮ ಮನೆಗೆ ಬರುವಾಗ ಪೈವಳಿಕೆಯ ಇಳಿಜಾರಿನಲ್ಲಿ ಅದು ಕಿತ್ತು ಬಂತು. ಅವಳು ಬಿದ್ದಳು."

ಒಂದು ಬಸ್ಸು ಬಂದು ನಿಂತಿತು, ಹೋಯಿತು. ನಾವು ಹತ್ತಲಿಲ್ಲ.

"ಬಚ್ಚಲಿನ ಕತೆ ಕಟ್ಟಿದ್ದು ಅವಳೇ. ಆಸ್ಪತ್ರೆಯಲ್ಲಿ ಮಲಗಿದಲ್ಲಿಂದ ಹೇಳಿದ್ಲು, ಅಪ್ಪನಿಗೆ ಗೊತ್ತಾದ್ರೆ ನಿಮ್ಮನ್ನು ಬೈತಾರೆ ಅಂತ. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಒಂದು ಮಾತು ಹೇಳಿದವಳಲ್ಲ. ಹೇಳಿದ್ರೆ ಒಳ್ಳೆದಿತ್ತು ಮಾರಾಯ."

ನಾನು ಅವರನ್ನು ಎಷ್ಟು ಗೇಲಿ ಮಾಡಿದ್ದೆ! ಮದುವೆ ಮನೆಗಳಲ್ಲಿ, ಸ್ಟಾಫ್ ರೂಮಿನಲ್ಲಿ, ಅವರ ಆಯಸ್ಕಾಂತದ ಕತೆ ಹೇಳಿ ಎಷ್ಟು ಜನರನ್ನು ನಗಿಸಿದ್ದೆ! ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅಕ್ಕನ ಸವಾರಿಯನ್ನು ಈಗ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಭಾವ ಜೇಬಿಗೆ ಕೈ ಹಾಕಿ ಆ ಸಾಕ್ಷಿಯನ್ನು ತೆಗೆದು ಅಂಗೈಯಲ್ಲಿಟ್ಟು ನನ್ನ ಮುಂದೆ ಹಿಡಿದರು. ಅದು ತುಕ್ಕಲ್ಲ. ಒಣಗಿ ಕೆಂಪಾದ ಎರಡು ಅಬ್ಬಲಿಗೆ ಹೂಗಳು, ಫೈಲಿನ ಕೆಂಪು ನೂಲಿನ ಗಂಟಿನಲ್ಲಿ.

ನಾನು ಕಣ್ಣು ಮುಚ್ಚಿಕೊಂಡೆ. ಕಪಾಳಕ್ಕೆ ಬೀಳುತ್ತದೆ ಎಂದೇ ಕಾದೆ. ಬಿದ್ದಿದ್ದರೂ ನ್ಯಾಯವೇ.

"ಮಾಡು ತೆಗೆದಿದ್ದೆಯಾ?"

"ಹೌದು ಭಾವ."

"ಎಲ್ಲಿಯವರೆಗೆ?"

"ಕುಂಬಳೆಯವರೆಗೆ. ತಪ್ಪಾಯ್ತು ಭಾವ. ಅಡಿ ಹಾಗೆ ಉಂಟು ಅಂತ ನನಗೆ..."

ಅವರು ನನ್ನ ಮಾತನ್ನು ಕೇಳುತ್ತಲೇ ಇರಲಿಲ್ಲ. ಹೂವನ್ನು ನೋಡುತ್ತಿದ್ದರು.

"ಹಾಗೆ ಮುಖಕ್ಕೆ ಗಾಳಿ ಹೊಡೆಯುವ ಗಾಡಿಯಲ್ಲಿ ಅವಳು ಆಮೇಲೆ ಕೂತದ್ದೇ ಇಲ್ಲ. ಸ್ಕೂಟರಿನಲ್ಲಿ ನನ್ನ ಬೆನ್ನ ಹಿಂದೆ ಕೂತು ದಾರಿ ಇಡೀ ನಗಾಡ್ತಿದ್ಲು. ಆ ದಿನವೂ ನಗಾಡ್ತಾ ಇದ್ದವಳು..." ಎಂದು ನಿಲ್ಲಿಸಿದರು. ಮತ್ತೆ, ಬಹಳ ಹೆದರಿದವರ ಸ್ವರದಲ್ಲಿ ಕೇಳಿದರು.

"ನಗಾಡಿದ್ಲಾ?"

"ನಗಾಡಿದ್ಲು ಭಾವ. ಕುಂಬಳೆ ಮುಟ್ಟುವವರೆಗೂ."

ಭಾವ ಹೂವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಕನ್ನಡಕ ತೆಗೆದು ಒರೆಸಿದರು, ಆಯಸ್ಕಾಂತಕ್ಕೆ ಸುತ್ತಿದ ಅದೇ ಬನಿಯನ್ ತುಂಡಿನಿಂದ. ಮತ್ತೆ ಎದ್ದು ಚೀಲವನ್ನು ಹೆಗಲಿಗೇರಿಸಿದರು.

"ನಡಿ, ವಾಪಸು ಹೋಗುವ. ಆ ಕಾರು ಬಿಡ್ಬೇಡ. ಅಡಿಗೆ ಹೊಸ ತಗಡು ನಾನು ಎದುರು ನಿಂತು ಹಾಕಿಸ್ತೇನೆ."