ಸಾರಿನ ಹೆಸರು ಕೇಳದ ಕಂಪ್ಯೂಟರು

ಅಧಿಕಾರದಲ್ಲಿರುವ ಪ್ರತಿಯೊಬ್ಬನೂ ಪ್ರಶ್ನೆಗೆ ಉತ್ತರಿಸಲೇಬೇಕು ಎಂಬುದು ವಿಶ್ವವಿದ್ಯಾಲಯ ನನಗೆ ಕಲಿಸಿದ ಪಾಠ. ಆದರೆ ನನ್ನನ್ನೇ ಪದೇಪದೇ ಪ್ರಶ್ನಿಸುವ ಯಂತ್ರವೊಂದನ್ನು ಮಾತ್ರ ನಾನು ಸಹಿಸಲಾರದೆ ಹೋದೆ. ಮಧುಗಿರಿಯಲ್ಲಿ ಕುಳಿತು ನಾನು ಹೊರಡಿಸುವ ಪುಟ್ಟ ಮಾಸಪತ್ರಿಕೆ ಅಚ್ಚಾಗುವುದು ಶಿರಾದಲ್ಲಿ, ಸೋದರಮಾವನ ಮುದ್ರಣಾಲಯದಲ್ಲಿ. ಪುಟಗಳನ್ನು ಕಳಿಸುವಾಗಲೆಲ್ಲ ಅವರ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತಿತ್ತು. ಭದ್ರತೆಯ ವಿಷಯದಲ್ಲಿ ಮಾವ ಬಹಳ ಕಟ್ಟುನಿಟ್ಟು; ಅದನ್ನು ದಿನವೂ ಬದಲಿಸುತ್ತಿದ್ದರು, ಮರೆಯಬಾರದೆಂದು ಅಂದು ಅತ್ತೆ ಮಾಡಿದ ಸಾರಿನ ಹೆಸರನ್ನೇ ಇಡುತ್ತಿದ್ದರು. ಹೀಗಾಗಿ ನಾಡಿನ ಅನ್ಯಾಯವನ್ನು ಬಯಲಿಗೆಳೆಯಲು ಹೊರಟವನು ಮೊದಲು ಫೋನು ಮಾಡಿ, "ಮಾವ, ಇವತ್ತೇನು ಸಾರು?" ಎಂದು ಕೇಳಬೇಕಿತ್ತು.

"ಹುಳ್ಳಿಸಾರು ಕಣ್ಲಾ. ಇಂಗ್ಲೀಷ್ನಾಗೆ ಎರಡು ಎಲ್ ಹಾಕು. ಬರ್ದಿದ್ದು ಮುಗೀತಾ, ಇಲ್ಲ ಅಂಗೇ ಕಳಿಸ್ತಿದ್ದೀಯಾ?"

ಇದು ಆಧುನಿಕತೆಗೇ ಅವಮಾನವೆನ್ನಿಸಿತು. ಒಂದು ಭಾನುವಾರ ಶಿರಾಕ್ಕೆ ಹೋಗಿ, ಪಾಸ್‌ವರ್ಡಿನ ಬದಲು ಕಂಪ್ಯೂಟರುಗಳೇ ಬಳಸುವ ಜೋಡಿ ಡಿಜಿಟಲ್ ಕೀಲಿಗಳನ್ನು ಸೃಷ್ಟಿಸಿ, ಒಂದನ್ನು ನನ್ನದರಲ್ಲಿ ಗುಟ್ಟಾಗಿಟ್ಟು, ಅದರ ಜೊತೆಯದನ್ನು ಮಾವನದಕ್ಕೆ ಒಪ್ಪಿಸಿದೆ. ಇನ್ನು ಅವೆರಡೂ ಪರಸ್ಪರ ಗುರುತು ಹಿಡಿದು, ನಾನು ಬರೆದಿಟ್ಟದ್ದನ್ನೆಲ್ಲ ಐದು ನಿಮಿಷಕ್ಕೊಮ್ಮೆ ತಾವಾಗಿಯೇ ಶಿರಾಕ್ಕೆ ಮುಟ್ಟಿಸುತ್ತವೆ.

"ನನ್ನ ಕೇಳಂಗೇ ಇಲ್ವೇನ್ಲಾ?" ಎಂದರು ಮಾವ, ಕೊಂಚ ಪೆಚ್ಚಾಗಿ.

ಆ ತಿಂಗಳು, ಬಸ್ ನಿಲ್ದಾಣವೊಂದರ ಶೌಚಾಲಯಕ್ಕೆ ಸದಾ ಬೀಗವೇಕೆ ಎಂದು ಕೆರಳಿ ಬರೆಯುತ್ತಿದ್ದೆ. ಅಲ್ಲಿ ಹೆಂಗಸರು ಪಡುವ ಪಾಡನ್ನು ಕಣ್ಣಾರೆ ಕಂಡಿದ್ದೆ. ಈ ಲೇಖನದಿಂದಲಾದರೂ ಬೀಗ ತೆಗೆಸಲೇಬೇಕಿತ್ತು. ನಡುವೆ ಹಸಿವಾಯಿತು. "ಇಲ್ಲಿ ಇನ್ನೂ ಬೈಯಬೇಕು, ಊಟ ಆದಮೇಲೆ" ಎಂದು ನನಗೆ ನಾನೇ ಟಿಪ್ಪಣಿ ಹಾಕಿಕೊಂಡು ಎದ್ದೆ. ಉಂಡವನು ಮಲಗಿಬಿಟ್ಟೆ. ಏಳುವಷ್ಟರಲ್ಲಿ ಮಾವ, ತಮ್ಮ ಕಂಪ್ಯೂಟರಿಗೆ ಬಂದದ್ದನ್ನು ಬಂದಹಾಗೆ ಅಚ್ಚು ಹಾಕಿ, ಕೊರಟಗೆರೆಗೂ ಪಾವಗಡಕ್ಕೂ ಸಂಜೆಯ ಬಸ್ಸಿನಲ್ಲೇ ಪ್ರತಿಗಳನ್ನು ಕಳಿಸಿಬಿಟ್ಟಿದ್ದರು.

ಮರುದಿನ ಪಾವಗಡದ ಓದುಗರೊಬ್ಬರ ಫೋನು, ಊಟವಾಯಿತೇ ಎಂದು ತೆಲುಗಿನಲ್ಲಿ: "ಭೋಜನಂ ಅಯಿಂದಾ ಸಾರ್? ಹಂಗಾರೆ ಇನ್ನು ಬೈರಿ."

ಮಾವನಿಗೆ ಫೋನು ಮಾಡಿ, ಹೊಣೆಗಾರಿಕೆಯ ಕುರಿತು ಗುಡುಗಿದೆ.

"ನನ್ನೇನ್ ಕೇಳ್ತೀಯಾ? ಯಾರ್ನೂ ಕೇಳ್ದಂಗೆ ಬರೋ ಹಂಗೆ ಮಾಡ್ದೋನು ನೀನೇ. 'ಊಟ ಆದ್ಮೇಲೆ' ಅಂತ ಬರ್ದವ್ನೆ, ಇದ್ಯಾವ್ದೋ ಹೊಸ ತರದ ಸಾಹಿತ್ಯ ಇರ್ಬೇಕು ಅಂದ್ಕೊಂಡೆ ಕಣ್ಲಾ."

ಬೀಗದ ಪ್ರಶ್ನೆ ನಗೆಪಾಟಲಾಗಿ ಮುಳುಗುವ ಮೊದಲು ಅದನ್ನು ಮತ್ತೆ ಎತ್ತಲೇಬೇಕಿತ್ತು. ಸ್ಪಷ್ಟನೆ ಬರೆಯಲು ಕುಳಿತೆ. "ಈ ಪ್ರಮಾದಕ್ಕೆ ಸಂಪೂರ್ಣ ಹೊಣೆ" ಎಂದು ಗಂಭೀರವಾಗಿ ಆರಂಭಿಸಿ, ಹೆಸರಿನ ಜಾಗದಲ್ಲಿ ಚುಕ್ಕಿಗಳನ್ನಿಟ್ಟು, ವ್ಯವಸ್ಥೆಯೆನ್ನಲೋ ಯಂತ್ರವೆನ್ನಲೋ ಎಂದು ಯೋಚಿಸುತ್ತಿದ್ದೆ. ಫೋನು ಬಡಿದುಕೊಂಡಿತು.

"ಲೇ, ಬಂತು ಕಣ್ಲಾ. ಚುಕ್ಕಿ ಜಾಗಕ್ಕೆ ನಿನ್ ಹೆಸ್ರು ನಾನೇ ಹಾಕಿವ್ನಿ. ಮಿಷಿನ್ ಓಡ್ಸ್ಲಾ?"